ಬಿಸ್ಕತ್ ಡಬ್ಬಿಯ ಮೇಲೆ ನಿಂತ ಕಾರು

ಆ ಕಾರು ಶೆಡ್ಡಿನೊಳಗೆ ಬರುವ ಮೊದಲೇ ಅದರ ನಾತ ಬಂತು. ಒದ್ದೆ ಗೋಣಿಚೀಲದಲ್ಲಿ ಹಳೆಯ ಮೊಳೆಗಳನ್ನು ಕಟ್ಟಿ, ಮಂಚದ ಕೆಳಗೆ ತಳ್ಳಿ, ವರ್ಷಗಟ್ಟಲೆ ಮರೆತರೆ ಬರುವಂಥ ನಾತ. ಗಂಡ ಕೆಟ್ಟ ಗಾಡಿಗಳನ್ನು ಎಳೆಯುವ ತನ್ನ ಲಾರಿಯಿಂದ ಅದನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದರೆ ಸೊಸೆ ತೋಳಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

ನೋಡಲಿಕ್ಕೆ ಮಾತ್ರ ಚೆಲುವೆಯೇ. ಇಬ್ಬರೇ ಕೂರುವ, ಮೇಲೆ ಸೂರಿಲ್ಲದ, ಉದ್ದ ಮೂತಿಯ ಹಳೇ ಕಾಲದ ಸ್ಪೋರ್ಟ್ಸ್ ಕಾರು. ಕೆಂಪು ಎಂದರೆ ಈಗಷ್ಟೇ ಹಲ್ಲೂರಿದ ಹಣ್ಣಿನ ಕೆಂಪು. ದೀಪಗಳು ಎಚ್ಚರವಾಗಿ ಮಲಗಿರುವ ಬೆಕ್ಕಿನ ಕಣ್ಣಿನಂತೆ ಅರೆತೆರೆದಿದ್ದವು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸಿಯರು ಊರೊಳಗೆ ಬರುವುದು ಹೀಗೇ. ಮುಖ ನೋಡಿದವರು ಮರುಳಾಗುತ್ತಾರೆ, ಪಾದ ನೋಡಿದವರು ಬದುಕಿಕೊಳ್ಳುತ್ತಾರೆ. ಸೊಸೆ ಪಾದ ನೋಡೋಣವೆಂದು ನೆಲಕ್ಕೆ ಬೆನ್ನು ಹಚ್ಚಿ ಕಾರಿನಡಿಗೆ ಸರಿದಳು.

ಅಡಿಯೆಲ್ಲ ಡಾಂಬರು ಬಳಿದಿತ್ತು. ಹೊಸ ಡಾಂಬರು, ಇನ್ನೂ ಬೆರಳಿಗೆ ಅಂಟುವಂಥದ್ದು. ಬಾಗಿಲ ಕೆಳಗೆ ಮುಂಗಾಲಿಯಿಂದ ಹಿಂಗಾಲಿಯವರೆಗೆ ಹಾಯುವ ಪೊಳ್ಳು ತೊಲೆಗೆ ಸ್ಕ್ರೂಡ್ರೈವರಿನ ತುದಿ ಊರಿ ಒಮ್ಮೆ ಒತ್ತಿದಳು. ಹಿಡಿಕೆಯವರೆಗೂ ಒಳಗೆ ಹೋಯಿತು. ಎಳೆದುಕೊಂಡಾಗ ಅದರ ಹಿಂದೆಯೇ ಕಂದು ನೀರು ಜಿನುಗಿ ಅವಳ ಕೆನ್ನೆಯ ಮೇಲೆ ಬಿತ್ತು. ಬೆಚ್ಚಗಿತ್ತು. ಅದು ಬೆಚ್ಚಗಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ತೆವಳಿಕೊಂಡು ಹೊರಬಂದು ನಲ್ಲಿಯ ಕೆಳಗೆ ಕೆನ್ನೆ ಕೆಂಪಾಗುವ ತನಕ ತೊಳೆದಳು.

ಕಾರು ಅತ್ತೆಯ ತಮ್ಮನದು. ಮನೆಯ ಮಕ್ಕಳೆಲ್ಲ ಅವನನ್ನು ಬೆನ್ನ ಹಿಂದೆ ಇಸ್ತ್ರಿಮಾವ ಎನ್ನುತ್ತಿದ್ದರು, ಮದುವೆಯಾಗಿ ಬಂದ ಮೇಲೆ ಸೊಸೆಗೂ ಅದೇ ರೂಢಿಯಾಗಿತ್ತು. ಅವನ ಬಿಳಿ ಅಂಗಿಯ ತೋಳಿನ ಮಡಿಕೆಯಲ್ಲಿ ಸೊಪ್ಪು ಹೆಚ್ಚಬಹುದು, ಅಷ್ಟು ಹರಿತ. ಕೂರುವ ಮೊದಲು ಕುರ್ಚಿಗೆ ಕರವಸ್ತ್ರ ಹಾಸುವ ಮನುಷ್ಯ. ಚಿಕ್ಕವನಿದ್ದಾಗ ಇಂಥದ್ದೇ ಕಾರೊಂದು ತನ್ನ ಮುಂದೆ ಹಾದುಹೋದದ್ದನ್ನು ಅವನು ಇಡೀ ಜೀವಮಾನ ಹೇಳಿಕೊಂಡು ಬಂದಿದ್ದ. ಈಗ ಬಣ್ಣ ನೋಡಿ ಕೊಂಡುಬಿಟ್ಟಿದ್ದ. ಊರಲ್ಲಿ ಹಳೇ ಕಾರುಗಳ ಮೆರವಣಿಗೆ ಹತ್ತಿರವಾಗಿತ್ತು. ಅದರಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದು ಕಂಡಕಂಡವರಿಗೆಲ್ಲ ಸಾರಿಕೊಂಡೂ ಆಗಿತ್ತು. ಬಾಗಿಲು ಸ್ವಲ್ಪ ಬಿಗಿ ಅಷ್ಟೇ, ಅಡಿಯಲ್ಲಿ ಒಂದು ತೇಪೆ ಹಚ್ಚಿಕೊಟ್ಟರೆ ಸಾಕು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದ.

ಅತ್ತೆ ಆ ಶೆಡ್ಡಿನ ಯಜಮಾನಿ. ಪೇಂಟಿಂಗು ಅವಳ ಕೈಯ ಕೆಲಸ. ಎಂಥ ನುಜ್ಜುಗುಜ್ಜಾದ ತಗಡನ್ನೂ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕನ್ನಡಿ ಮಾಡಿಬಿಡುತ್ತಿದ್ದಳು. ಮಾವ ಇದ್ದಷ್ಟು ಕಾಲ ವೆಲ್ಡಿಂಗ್ ಅವನದು, ಬಣ್ಣ ಇವಳದು. ಮಾವ ತೀರಿಹೋದ ಮೇಲೆ ಅವನ ವೆಲ್ಡಿಂಗ್ ಮುಖವಾಡ ಗೋಡೆಯ ಮೊಳೆ ಸೇರಿತ್ತು. ಅವನು ಕೆಲಸ ಕಲಿಸಿದ್ದು ಸೊಸೆಗೇ. ಆದರೂ ಅತ್ತೆ ಅವಳಿಗೆ ಸೈಲೆನ್ಸರು, ಬಂಪರು, ಗೇಟು, ಇಂಥ ಚಿಲ್ಲರೆ ಕೆಲಸಕ್ಕಷ್ಟೇ ಅದನ್ನು ಕೊಡುತ್ತಿದ್ದಳು. ಕಾರಿನ ಚೌಕಟ್ಟು ಬಂದರೆ ಹಿಂದಿನ ಬೀದಿಯ ವೆಲ್ಡರನಿಗೆ ಹೇಳಿಕಳಿಸುವುದು, ಸೊಸೆ ಉಪ್ಪುಕಾಗದ ಹಿಡಿದು ಪುಟ್ಟಿ ಉಜ್ಜುವುದು. ಉಜ್ಜಿ ಉಜ್ಜಿ ಅವಳ ಬೆರಳ ತುದಿಯ ಗೆರೆಗಳೇ ಸವೆದಿದ್ದವು.

ಅಂದು ಮಾತ್ರ ಅತ್ತೆ ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ, ಹೂಂಗುಟ್ಟಿ, ಮೊಳೆಯಿಂದ ಮುಖವಾಡ ತೆಗೆದು ಸೊಸೆಯ ಕೈಗಿತ್ತಳು.

"ಇದರ ಚೌಕಟ್ಟು ಪೂರ್ತಿ ನಿಂದು. ನೆಟ್ಟಗೆ ಮಾಡಿದರೆ ಇದೂ ನಿಂದೇ. ಕೆಡಿಸಿದೆಯೋ, ಉಪ್ಪುಕಾಗದ ಇದ್ದೇ ಇದೆ, ಅದು ಎಲ್ಲೂ ಓಡಿಹೋಗಲ್ಲ."

ಸೊಸೆ ಮುಖವಾಡವನ್ನು ಎದೆಗವಚಿಕೊಂಡು ತಲೆಯಾಡಿಸಿದಳು. ಒಳಗೆ ಮಾವನ ಬೆವರಿನ ಕಲೆ ಇನ್ನೂ ಇತ್ತು. ಆ ಒಂದು ವಾಸನೆ ಅವಳಿಗೆ ಅಸಹ್ಯವಾಗಲಿಲ್ಲ.

ಕಾರಿನ ಹಿಂದುಮುಂದು ಕಬ್ಬಿಣದ ಮುಕ್ಕಾಲಿಗಳನ್ನು ಕೊಟ್ಟು ಎತ್ತಿ ನಿಲ್ಲಿಸಿ, ಡಾಂಬರು ಹೆರೆಯತೊಡಗಿದಳು. ಡಾಂಬರಿನ ಕೆಳಗೆ ಬಂದದ್ದು ರಿವೆಟ್ ಹೊಡೆದ ಸತುವಿನ ತಗಡು. ವೆಲ್ಡಿಂಗ್ ಮಾಡಲು ಮೈ ಬಗ್ಗದ ಯಾವನೋ, ಹಳೇ ಚಪ್ಪಲಿಗೆ ಅಟ್ಟೆ ಹೊಡೆದಂತೆ ಹೊಡೆದು ಕೈ ತೊಳೆದುಕೊಂಡಿದ್ದ. ಅವನ ಕೈ ಸೇದಿಹೋಗಲಿ ಎಂದುಕೊಂಡು ರಿವೆಟ್‌ಗಳನ್ನು ಕೊರೆದು ತಗಡನ್ನು ಕಿತ್ತೆಸೆದಳು. ಅದರಡಿಯಲ್ಲಿ ಅಂಟಿನಲ್ಲಿ ಅದ್ದಿ ಮೆತ್ತಿದ ಬಟ್ಟೆ. ಯಾರದೋ ಹಳೇ ಬನಿಯನ್ನು. ಕಂಕುಳ ಹೊಲಿಗೆ ಕೂಡ ಹಾಗೇ ಉಳಿದಿತ್ತು. ಯಾರೋ ತನ್ನ ಮೈಮೇಲಿನ ಬನಿಯನ್ನು ಬಿಚ್ಚಿ ಒಂದು ಕಾರಿನ ಗಾಯಕ್ಕೆ ತುರುಕಿ, ಮೇಲೆ ಬಣ್ಣ ಹೊಡೆದು, ಹಲ್ಲು ಕಿರಿಯುತ್ತ ಕೀಲಿಕೈ ಕೊಟ್ಟಿದ್ದಾನೆ. ತೆಗೆದುಕೊಂಡವನೂ ಹಲ್ಲು ಕಿರಿದಿರಬೇಕು.

ಬನಿಯನ್ನಿನ ಕೆಳಗೆ ಬಿಸ್ಕತ್ ಡಬ್ಬಿ ಸಿಕ್ಕಿತು. ತವರದ ಡಬ್ಬಿಯನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ತೊಲೆಯ ಉದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಬೆಸೆದಿದ್ದರು. ಬೆಸುಗೆಯೋ, ನೆಗಡಿಯಾದ ಮಗುವಿನ ಮೂಗಿನಂತೆ ಇಳಿದು ಹೆಪ್ಪುಗಟ್ಟಿತ್ತು. ಡಬ್ಬಿಯ ಮೇಲಿನ ಚಿತ್ರ ಮಾಸಿರಲಿಲ್ಲ. ಗುಂಡು ಕೆನ್ನೆಯ ಹುಡುಗಿಯೊಬ್ಬಳು ಕೈಯಲ್ಲಿ ಬಿಸ್ಕತ್ ಹಿಡಿದು ನಗುತ್ತಿದ್ದಳು. ಅಷ್ಟು ವರ್ಷ ಕತ್ತಲಲ್ಲಿ, ಕೊಳೆನೀರಲ್ಲಿ, ಯಾರೂ ನೋಡದ ಕಡೆ ಅದೇ ನಗು. ಸೊಸೆಗೆ ಆ ನಗುವೇ ಎಲ್ಲಕ್ಕಿಂತ ಹೇಸಿಗೆ ಎನಿಸಿತು. ಇಂಥ ಕೆಲಸವನ್ನು ಕಣ್ಣಾರೆ ಕಂಡೂ ಬಾಯಿ ಮುಚ್ಚಿಕೊಂಡು ನಕ್ಕವಳ ಹಾಗೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಕೈಯ ವಾಸನೆ ತುತ್ತಿಗಿಂತ ಮುಂಚೆ ಬಾಯಿಗೆ ಬಂತು. ಮುಚ್ಚಿಟ್ಟಳು. ಗಂಡ ಅದನ್ನೂ ಎಳೆದುಕೊಂಡು ತಿನ್ನುತ್ತ, ಇಸ್ತ್ರಿಮಾವ ಕೊಂಡಿರೋದು ಕಾರಲ್ಲ, ಬಣ್ಣ ಹೊಡೆದ ತಿಪ್ಪೆ ಎಂದು ನಕ್ಕ. ಇವಳಿಗೆ ನಗು ಬರಲಿಲ್ಲ. ತಲೆಯೊಳಗೆ ಒಂದೇ ಹಟ ಕೂತಿತ್ತು. ಈ ಹೊಲಸಿನ ಅಡಿಯಲ್ಲಿ ಎಲ್ಲೋ ಒಂದು ಕಡೆ, ಕಾರ್ಖಾನೆಯಲ್ಲಿ ಮಾಡಿದ ಮೊದಲ ತೊಲೆ ಇರಲೇಬೇಕು. ಕಥೆಯಲ್ಲಿ ಕೋಣೆಯೊಳಗೆ ಕೋಣೆ ತೆರೆದುಕೊಂಡು ಹೋದರೆ ಕೊನೆಯದರಲ್ಲಿ ರಾಜಕುಮಾರಿ ಮಲಗಿರುವುದಿಲ್ಲವೇ, ಹಾಗೆ. ಸೊಂಪಾಗಿ, ನೆಟ್ಟಗೆ, ಮುಟ್ಟಿದರೆ ಟಣ್ ಎನ್ನುವ ಕಬ್ಬಿಣ. ಅದನ್ನು ಮುಟ್ಟಿದ ಮೇಲೆ ಉಳಿದದ್ದು.

ಇಲ್ಲೇ ಅವಳು ಎಡವಿದ್ದು. ಸೂರಿಲ್ಲದ ಕಾರಿನ ತೊಲೆ ಕತ್ತರಿಸುವ ಮೊದಲು ಬಾಗಿಲ ಎರಡೂ ಕಂಬಗಳ ನಡುವೆ ಅಡ್ಡಕಂಬಿ ಬೆಸೆಯಬೇಕು. ಸೂರಿದ್ದರೆ ಅದು ಒಂದಿಷ್ಟು ಹೊರೆ ಹೊರುತ್ತದೆ. ಇಲ್ಲದಿದ್ದರೆ ಎಲ್ಲ ಭಾರ ಆ ತೊಲೆಯದೇ. ಮಾವ ಕಲಿಸಿದ ಮೊದಲ ಪಾಠ ಅದು, ಅವಳು ಮರೆತೂ ಇರಲಿಲ್ಲ. ಅಡ್ಡಕಂಬಿಗೆಂದು ಪೈಪು ಅಳೆದು ಕೊಯ್ದು ಗೋಡೆಗೆ ಒರಗಿಸಿಯೂ ಇಟ್ಟಿದ್ದಳು. ಆದರೆ ತಾನೀಗ ತೊಲೆಯನ್ನು ಮುಟ್ಟುತ್ತಿಲ್ಲ, ತೇಪೆಯನ್ನಷ್ಟೇ ಬಿಚ್ಚುತ್ತಿದ್ದೇನೆ ಎಂದುಕೊಂಡಳು. ಬ್ಯಾಂಡೇಜು ಬಿಚ್ಚಿದರೆ ಯಾರಾದರೂ ಕುಸಿದು ಬೀಳುತ್ತಾರೆಯೇ? ಅಂಥ ಗಬ್ಬು ಕೆಲಸ ಏನನ್ನಾದರೂ ಹೊತ್ತಿರಬಹುದು ಎಂದು ನಂಬುವುದಕ್ಕೇ ಅವಳಿಗೆ ಅಸಹ್ಯ.

ಗ್ರೈಂಡರ್ ಹಚ್ಚಿ ಬಿಸ್ಕತ್ ಡಬ್ಬಿಯನ್ನು ಉದ್ದಕ್ಕೆ ಸೀಳಿದಳು. ಒಳಗಿನಿಂದ ಮೊದಲು ಒದ್ದೆ ಫೋಮು ಬಂತು, ಹಿಂಡಿದರೆ ನೀರು ಸುರಿಯುವಂಥದ್ದು. ಆಮೇಲೆ ಸಿಮೆಂಟಿನಲ್ಲಿ ಕಲಸಿದ ಪತ್ರಿಕೆಯ ಮುದ್ದೆ. ಆಮೇಲೆ ಇಲಿಗೂಡು. ಕೂದಲು, ನೂಲು, ಸೀಟಿನ ಹತ್ತಿ, ಹಿಕ್ಕೆ, ನಡುವೆ ಒಣಗಿ ಹಪ್ಪಳವಾದ ಒಂದು ಪುಟ್ಟ ಬಾಲ. ಎಲ್ಲ ಒಟ್ಟಿಗೆ ಅವಳ ಮಡಿಲಿಗೆ ಸುರಿಯಿತು. ಅವಳು ಕೂಗಲಿಲ್ಲ. ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ, ಒಂದು ತೇಪೆಯೂ ಉಳಿಯಬಾರದೆಂದು ಕೊಯ್ದಳು. ಆ ಬದಿ ಮುಗಿಸಿ ಈ ಬದಿಗೆ ಬಂದು ಇಲ್ಲೂ ಕೊಯ್ದಳು. ಕೊನೆಯ ಚುಕ್ಕೆ ಬೆಸುಗೆ ಬಿಟ್ಟಾಗ ರಾಜಕುಮಾರಿ ಮಲಗಿರಬೇಕಾದ ಜಾಗದಲ್ಲಿ ಕಂದು ಹುಡಿ ಇತ್ತು. ಕೈ ಹಾಕಿದರೆ ಬೆರಳ ಸಂದಿಯಲ್ಲಿ ಸೋರಿಹೋಯಿತು. ಅಷ್ಟೇ. ತೊಲೆ ಇರಲೇ ಇಲ್ಲ. ತೇಪೆಯ ಕೆಳಗೆ ತೇಪೆ, ಅದರ ಕೆಳಗೆ ಬಯಲು.

ಆಗ ಕಾರು ನಿಟ್ಟುಸಿರು ಬಿಟ್ಟಿತು. ನಿಜವಾಗಿ ಹಾಗೇ ಕೇಳಿಸಿತು. ಉದ್ದನೆಯ, ದಣಿದ ಒಂದು ಸದ್ದು. ಮೂತಿ ಮುಕ್ಕಾಲಿಯ ಮೇಲೆಯೇ ಇತ್ತು, ಬಾಲವೂ ಮುಕ್ಕಾಲಿಯ ಮೇಲೆಯೇ ಇತ್ತು. ನಡು ಮಾತ್ರ ಮೆಲ್ಲಗೆ ಕೆಳಗಿಳಿಯಿತು. ಬಾಗಿಲು ಕರ್ರೆಂದು ಕಂಬಕ್ಕೆ ಕಚ್ಚಿಕೊಂಡಿತು. ಆ ಚೆಂದದ ಕೆಂಪು ಬಣ್ಣ ಬಾಗಿಲ ಮೂಲೆಯಲ್ಲಿ ಚಕ್ಕೆಯಾಗಿ ಎದ್ದು ನೆಲಕ್ಕೆ ಉದುರಿತು.

ಗೋಡೆಗೊರಗಿದ ಪೈಪುಗಳು ಅಲ್ಲೇ ಇದ್ದವು, ಅವಳು ಒರಗಿಸಿಟ್ಟಂತೆಯೇ.

ಸದ್ದಿಗೆ ಅತ್ತೆ ಬಣ್ಣದ ಕೋಣೆಯಿಂದ ಬಂದಳು. ಬಾಗಿಲ ಮೇಲಿನ ಸಂದಿಗೆ ಬೆರಳಿಟ್ಟಳು, ಉಗುರೂ ಹಿಡಿಯಲಿಲ್ಲ. ಕೆಳಗಿನ ಸಂದಿಗೆ ಇಟ್ಟಳು, ಹೆಬ್ಬೆರಳು ಪೂರ್ತಿ ಒಳಗೆ ಹೋಯಿತು. ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಕಡೆ ನೋಡಿದಳು.

"ಪೈಪು ಚೆನ್ನಾಗಿ ಕೊಯ್ದಿದ್ದೀಯ," ಎಂದಳು. "ಬೆಸೆಯೋಕೆ ನಿಮ್ಮ ಮಾವ ಕನಸಲ್ಲಿ ಬಂದು ಹೇಳಬೇಕಿತ್ತೇನೋ."

ಸೊಸೆ ಬಾಯಿ ತೆರೆದಳು. ತೇಪೆ ಅಂತ ತಿಳಿದೆ, ಅಷ್ಟು ಕೊಳಕು ಕೆಲಸ ಭಾರ ಹೊತ್ತಿರುತ್ತೆ ಅಂತ ಯಾರಿಗೆ ಗೊತ್ತು ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಅತ್ತೆ ಅವಳ ಕೈಯಿಂದ ಮುಖವಾಡ ತೆಗೆದುಕೊಂಡು ಮೊಳೆಗೆ ತಗುಲಿಸಿ, ಒಳಗೆ ಒಂದು ಬಾನೆಟ್ ಉಜ್ಜುವುದಿದೆ ಎಂದಷ್ಟೇ ಹೇಳಿ ಹೋದಳು.

ಅವಳು ಉಜ್ಜಿದಳು. ಉಜ್ಜುತ್ತಿದ್ದಷ್ಟು ಹೊತ್ತೂ ತನ್ನ ಮೇಲೆ ತನಗೇ ವಾಕರಿಕೆ. ಬನಿಯನ್ನಿನವನು, ರಿವೆಟ್ಟಿನವನು, ಬಿಸ್ಕತ್ತಿನವನು, ಎಲ್ಲರೂ ಆ ಕಾರನ್ನು ನಿಲ್ಲಿಸಿಯಾದರೂ ಹೋಗಿದ್ದರು. ಬೀಳಿಸಿದವಳು ತಾನೊಬ್ಬಳೇ.

ಸಂಜೆಗೆ ಇಸ್ತ್ರಿಮಾವ ಬಂದ. ಅವನ ಕಾರಿನ ಹೊಟ್ಟೆಯಿಂದ ತೆಗೆದದ್ದೆಲ್ಲ ನೆಲದ ಮೇಲೆ ಗುಡ್ಡೆ ಬಿದ್ದಿತ್ತು. ಅವನು ದೂರದಿಂದಲೇ ಕರವಸ್ತ್ರ ಮೂಗಿಗೆ ಹಿಡಿದು, ಮೊದಲು ಗುಡ್ಡೆಯನ್ನೂ ಆಮೇಲೆ ನಡು ಬಾಗಿದ ಕಾರನ್ನೂ ನೋಡಿದ. ಮುಖ ಕಪ್ಪಿಟ್ಟಿತು. ಹೊಸ ಹುಡುಗಿ ಕೈಗೆ ಯಾಕೆ ಕೊಟ್ಟೆ, ನಿನ್ನೆ ತನಕ ಸರಿಯಾಗಿ ನಿಂತಿತ್ತಲ್ಲ ಎಂದು ಅಕ್ಕನ ಮೇಲೆ ಹರಿಹಾಯ್ದ. ಅವನು ಸುತ್ತಿ ಬಳಸಿ ಕೊನೆಗೆ ಬಂದು ನಿಂತದ್ದು ಒಂದೇ ಮಾತಿಗೆ: ತೆಗೆದ ತೇಪೆಗಳನ್ನೇ ಮತ್ತೆ ಹಚ್ಚಿಬಿಡಿ. ಒಂದು ದಿನದ ಮೆರವಣಿಗೆ, ನೆಟ್ಟಗಿನ ರಸ್ತೆ, ಬಗ್ಗಿ ನೋಡುವವರು ಯಾರು? ಬೂಟಿನ ತುದಿಯಿಂದ ಬಿಸ್ಕತ್ ಡಬ್ಬಿಯ ತಗಡನ್ನು ಬೇರೆಯಾಗಿ ಸರಿಸಿಯೂ ಇಟ್ಟ, ಇದಿನ್ನೂ ಗಟ್ಟಿಯಾಗಿದೆ ಎನ್ನುವಂತೆ.

ಆಮೇಲೆ ಬೆಣ್ಣೆಯಂಥ ದನಿಯಲ್ಲಿ, "ಅಕ್ಕ, ನೀನೊಂದು ಕೈ ಪುಟ್ಟಿ ಹಚ್ಚಿಬಿಟ್ಟರೆ ಒಳಗೆ ಏನಿದೆ ಅಂತ ದೇವರಿಗೂ ಕಾಣಲ್ಲ. ಅದಕ್ಕೇ ತಾನೇ ನಿನ್ನ ಹತ್ತಿರ ತಂದಿದ್ದು," ಎಂದ.

ಬಣ್ಣದ ಕೋಣೆಯ ಬಾಗಿಲಲ್ಲಿ ಉಪ್ಪುಕಾಗದ ಹಿಡಿದು ನಿಂತಿದ್ದ ಸೊಸೆ ಅತ್ತೆಯ ಮುಖ ನೋಡಿದಳು. ಬೇರೆ ದಿನವಾಗಿದ್ದರೆ ಆ ಹೊಗಳಿಕೆಗೆ ಅತ್ತೆ ಅರಳುತ್ತಿದ್ದಳು. ಅದೇ ಮಾತನ್ನು ಗಿರಾಕಿಗಳಿಗೆ ತಾನೇ ಹೇಳಿಕೊಂಡದ್ದೂ ಉಂಟು. ಇಂದು ಅವಳ ತುಟಿ, ಅನ್ನದಲ್ಲಿ ಕೂದಲು ಸಿಕ್ಕವರ ತುಟಿಯಂತೆ ಕೊಂಕಿತು. ಗುಡ್ಡೆಯಲ್ಲಿ ಬಿದ್ದಿದ್ದ ಪುಟ್ಟಿಯ ಹೆಂಟೆಯೊಂದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಹಾಗೇ ಕೆಳಗಿಟ್ಟಳು. ಒಳ್ಳೆಯ ಪುಟ್ಟಿಯೇ ಅದು. ನಯವಾಗಿ ಉಜ್ಜಿದ್ದರು. ಒಂದು ಬದಿ ಕನ್ನಡಿ, ಇನ್ನೊಂದು ಬದಿ ಇಲಿ ಹಿಕ್ಕೆ.

"ತೋಳು ಮಡಚು," ಎಂದಳು ತಮ್ಮನಿಗೆ.

"ಯಾಕೆ?"

"ಮಡಚು. ಅದರೊಳಗೆ ಕೈ ಹಾಕು."

ಅವನು ನಕ್ಕು ತಪ್ಪಿಸಿಕೊಳ್ಳಲು ನೋಡಿದ. ಅಕ್ಕ ನಗಲಿಲ್ಲ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕಹಿ ಔಷಧ ಕುಡಿಸುವಾಗ ಇದ್ದ ಮುಖವೇ ಇರಬೇಕು ಅದು. ಅವನು ಮೆಲ್ಲಗೆ ಗುಂಡಿ ಬಿಚ್ಚಿ, ಮಡಿಕೆಯ ಮೇಲೆ ಮಡಿಕೆ ಹಾಕಿ ತೋಳು ಮೇಲೇರಿಸಿದ. ಇನ್ನೂ ಖಾಲಿ ಮಾಡಿರದ ಹಿಂದಿನ ತುದಿಯ ತೂತಿನೊಳಗೆ ಕೈ ಇಳಿಸಿದ. ಇನ್ನೂ ಒಳಗೆ ಎಂದಳು ಅತ್ತೆ. ಮೊಣಕೈಯವರೆಗೂ ಹೋಯಿತು. ಅಲ್ಲಿ ಅವನ ಬೆರಳಿಗೆ ಏನು ಸಿಕ್ಕಿತೋ, ಮುಖದ ರಕ್ತವೆಲ್ಲ ಇಳಿದುಹೋಯಿತು. ಕೈ ಹೊರಗೆ ಬಂದಾಗ ಕಪ್ಪು ಲೋಳೆ, ತುಕ್ಕಿನ ಚಕ್ಕೆ, ಕೂದಲು ಅಂಟಿದ್ದವು. ಉಗುರಿನ ಸಂದಿಯಲ್ಲಿ ಏನೋ ಬಿಳಿಯದು ಇನ್ನೂ ಹರಿದಾಡುತ್ತಿತ್ತು.

"ಇದರ ಮೇಲೆ ಮಗಳನ್ನ ಕೂರಿಸ್ತೀಯ?" ಅತ್ತೆ ದನಿ ಏರಿಸಲಿಲ್ಲ. "ಹೂಂ ಅನ್ನು, ಈಗಲೇ ಪುಟ್ಟಿ ಕಲಸ್ತೀನಿ."

ಅವನು ನಲ್ಲಿಯ ಹತ್ತಿರ ಹೋಗಿ ಬಗ್ಗಿದ. ಕೈ ತೊಳೆಯುವ ಮೊದಲು ವಾಂತಿಯಾಯಿತು. ಬಹಳ ಹೊತ್ತು ಸಾಬೂನು ತಿಕ್ಕಿದ. ತಿರುಗಿ ಬಂದಾಗ ಅಂಗಿಯ ಮುಂಭಾಗವೆಲ್ಲ ಒದ್ದೆಯಾಗಿ, ಮಡಿಕೆ ಕೆಟ್ಟು, ಅವನು ಯಾರೋ ಬೇರೆಯವನಂತೆ ಕಂಡ. ಮೆರವಣಿಗೆಗೆ ಬೇರೆ ಯಾರದಾದರೂ ಕಾರಿನಲ್ಲಿ ಕೂತು ಹೋಗುತ್ತೇನೆ, ಇದು ಆದಾಗ ಆಗಲಿ ಎಂದು ಗೋಡೆಗೆ ಹೇಳಿದಂತೆ ಹೇಳಿ ಹೊರಟುಹೋದ. ತೋಳು ಮಡಚುವಾಗ ಕುರ್ಚಿಯ ಮೇಲೆ ಇಟ್ಟ ಕರವಸ್ತ್ರ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಸೊಸೆ ಹಿಂದಿನ ಬೀದಿಯ ವೆಲ್ಡರ್ ಬರುತ್ತಾನೆಂದೇ ಕಾದಿದ್ದಳು. ಅತ್ತೆ ಯಾರಿಗೂ ಹೇಳಿಕಳಿಸಿರಲಿಲ್ಲ. ಕಾರಿನ ನಡುವಿನ ಅಡಿಗೆ ಜಾಕ್ ಕೊಟ್ಟು ತಿರುಗಿಸು ಎಂದಳು. ತಾನು ಬಾಗಿಲ ಬದಿ ಮಣೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಮೇಲಿನ ಸಂದಿಗೊಂದು ಬೆರಳು, ಕೆಳಗಿನ ಸಂದಿಗೊಂದು ಬೆರಳು ಇಟ್ಟಳು. ಜೀವಮಾನವಿಡೀ ಬಾಗಿಲ ಸಂದಿಗಳಿಗೆ ಬಣ್ಣ ಹೊಡೆದ ಬೆರಳುಗಳು. ಟೇಪು ಹಿಡಿದು ಅಳೆದರೂ ತಪ್ಪಬಹುದಾದದ್ದು ಆ ಬೆರಳಿಗೆ ತಪ್ಪುತ್ತಿರಲಿಲ್ಲ.

"ತಿರುಗಿಸು. ಇನ್ನೂ. ನಿಲ್ಲು, ಉಸಿರಾಡಲಿ ಅದು. ಇನ್ನೊಂದು ಚೂರು. ಜಾಸ್ತಿಯಾಯ್ತು, ಇಳಿಸು. ಹಾಂ."

ಕಾರು ನರಳಿತು, ಗದರಿತು, ತುಕ್ಕು ಉದುರಿಸಿತು. ಸೊಸೆಯ ಕೈ ಬೆವರಿ ಜಾಕಿನ ಹಿಡಿ ಜಾರುತ್ತಿತ್ತು. ಈ ಬದಿ ಸರಿಯಾದರೆ ಆ ಬದಿ ಮುನಿಸಿಕೊಳ್ಳುತ್ತಿತ್ತು. ಎರಡೂ ಬಾಗಿಲುಗಳು ಒಂದೇ ಸಮಕ್ಕೆ ಬರುವಷ್ಟರಲ್ಲಿ ಕಿಟಕಿಯ ಬಿಸಿಲು ನೆಲ ದಾಟಿ ಎದುರು ಗೋಡೆ ಹತ್ತಿತ್ತು. ಅತ್ತೆ ಬೆರಳು ತೆಗೆಯದೆ, ಕಣ್ಣು ಬಿಡದೆ, ಪೈಪು ತಾ ಎಂದಳು. ಸೊಸೆ ತಂದಳು. ಹಿಡಿದು ನಿಂತಳು. ಬರಿಗಣ್ಣಲ್ಲಿ ಬೆಸೆಯುವಂತಿರಲಿಲ್ಲ.

"ಏನು ಕಾಯ್ತಿದ್ದೀಯ? ಮೊಳೆ ಮೇಲಿರೋದು ತಾನಾಗೇ ನಡೆದುಕೊಂಡು ಬರುತ್ತಾ?"

ಸೊಸೆ ಹೋಗಿ ಮುಖವಾಡ ತೆಗೆದುಕೊಂಡಳು. ಮೊದಲ ಬೆಸುಗೆ ಸೊಟ್ಟಗಾಯಿತು. ಕಿತ್ತು ಮತ್ತೆ ಹಾಕಿದಳು. ಅಡ್ಡಕಂಬಿಗಳೆಲ್ಲ ಕೂತ ಮೇಲೆ ಜಾಕ್ ಇಳಿಸಿದರು. ಕಾರು ಅಲುಗಲಿಲ್ಲ. ಅದಾದ ಮೇಲೆಯೇ ಅವಳು ಉಳಿದ ಹೊಲಸನ್ನು ಮುಟ್ಟಿದ್ದು. ಗಟ್ಟಿ ಕಬ್ಬಿಣ ಸಿಗುವತನಕ ಕೊಯ್ದಳು, ದಪ್ಪ ತಗಡು ಮಡಿಸಿ ಹೊಸ ತೊಲೆ ಕಟ್ಟಿದಳು, ನೀರು ನಿಲ್ಲದಂತೆ ಕೆಳಗೆ ಕಿಂಡಿ ಬಿಟ್ಟಳು, ಒಳಮೈಗೂ ಬಣ್ಣ ಬಳಿದಳು. ವಾರಗಳು ಹಿಡಿದವು. ಆ ನಾತ ಅವಳ ಕೂದಲಿಂದ ಹೋಗಲಿಕ್ಕೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಗಂಡ ಅಷ್ಟು ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅತ್ತೆ ಅದಕ್ಕೆ ಮತ್ತೆ ಅದೇ ಕೆಂಪು ಹೊಡೆದಳು. ಇಸ್ತ್ರಿಮಾವ ಮಗಳ ಜೊತೆ ಬಂದ ದಿನ ಬೀದಿಯವರೆಲ್ಲ ಸೇರಿ ಬಣ್ಣ ನೋಡಿ ಬಾಯಿ ಚಪ್ಪರಿಸಿದರು. ಅಡಿಯಲ್ಲಿ ಏನಿದೆಯೆಂದು ಒಬ್ಬರೂ ಕೇಳಲಿಲ್ಲ. ಮೊದಲಿನ ಬಣ್ಣವನ್ನೂ ಹೀಗೇ ಹೊಗಳಿರುತ್ತಾರೆ ಎಂದು ನೆನೆದು ಸೊಸೆ ಮುಖ ಕಿವುಚಿದಳು. ತನ್ನ ತೊಲೆಯೂ ಬನಿಯನ್ನಿನವನ ತೇಪೆಯೂ ಹೊರಗಿನಿಂದ ಒಂದೇ. ಆದರೆ ಇಸ್ತ್ರಿಮಾವ ಕೂರುವ ಮುಂಚೆ, ಜನ ನೋಡುತ್ತಿರುವಂತೆಯೇ, ಬಿಳಿ ಪ್ಯಾಂಟಿನ ಮಂಡಿಯನ್ನು ನೆಲಕ್ಕೂರಿ, ಬಾಗಿಲ ಅಡಿಗೆ ಕೈ ತೂರಿಸಿ, ತೊಲೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. ಟಣ್ ಎಂದಿತು. ಅವನು ಕೈಯನ್ನು ಮೂಸಿಕೊಂಡ. ಆಮೇಲೆ ಮಗಳಿಗೆ ಬಾಗಿಲು ತೆರೆದ.

ಕಾರು ಬೀದಿ ತಿರುಗಿದ ಮೇಲೆ ಅತ್ತೆ ಸುತ್ತಿಗೆ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಆ ಬಿಸ್ಕತ್ ಡಬ್ಬಿಯ ತಗಡು. ಕಸಕ್ಕೆ ಎಸೆದಿದ್ದನ್ನು ಯಾವಾಗ ಎತ್ತಿಟ್ಟಿದ್ದಳೋ. ಮುಖವಾಡದ ಮೊಳೆಯ ಪಕ್ಕಕ್ಕೆ ಅದನ್ನು ಹಿಡಿದು ನಾಲ್ಕು ಮೂಲೆಗೂ ಮೊಳೆ ಹೊಡೆದಳು.

"ಥೂ, ಅದನ್ಯಾಕೆ ಇಲ್ಲಿ," ಎಂದಳು ಸೊಸೆ.

"ಮುಖವಾಡ ನಿಂದು ತಾನೇ ಈಗ? ತೆಗೆದುಕೊಳ್ಳುವಾಗೆಲ್ಲ ಈ ಹುಡುಗಿ ಮುಖ ನೋಡಿಕೊಂಡು ತಗೋ."

ಅದು ಈಗಲೂ ಅಲ್ಲೇ ಇದೆ. ಎಷ್ಟು ಒರೆಸಿದರೂ ತುಕ್ಕಿನ ನೀರು ಇಳಿದ ಕಲೆ ಹೋಗಿಲ್ಲ, ಗುಂಡು ಕೆನ್ನೆಯ ನಗುವೂ ಹೋಗಿಲ್ಲ. ಸೊಸೆ ಪ್ರತಿ ಸಲವೂ ಮುಖ ಆ ಕಡೆ ತಿರುಗಿಸಿಕೊಂಡೇ ಕೈ ಚಾಚುತ್ತಾಳೆ. ಮುಖವಾಡ ಕೈಗೆ ಸಿಗುವ ಮೊದಲು ಬೆರಳು ಆ ತಗಡಿಗೆ ಒಮ್ಮೆ ತಗುಲಿಯೇ ತಗುಲುತ್ತದೆ. ಮೈ ಜುಮ್ಮೆನ್ನುತ್ತದೆ. ಆಮೇಲೆ ಅವಳು ಹೋಗಿ ಮೊದಲು ಅಡ್ಡಕಂಬಿಯ ಪೈಪು ಎತ್ತಿಕೊಳ್ಳುತ್ತಾಳೆ.